ನಾಲ್ಕು ತಾಲ್ಲೂಕಿನ ಚುಕ್ಕಾಣಿ

ಮಾನ ಹೋಗುವ ಪ್ರಸಂಗಗಳು ಬೇರೆಯವರ ಬಾಳಿಗೆ ನೆಂಟರ ಹಾಗೆ ಅಪರೂಪಕ್ಕೆ ಬರುತ್ತವೆ. ನನ್ನ ಬಾಳಿಗೆ ಮಾತ್ರ ಹಾಲಿನವನ ಹಾಗೆ ದಿನಾ ಬೆಳಗಾದರೆ ಬಂದು ಬಾಗಿಲು ಬಡಿಯುತ್ತವೆ. "ನಮ್ಮನೇಗೇ ಯಾಕೇ ಬರ್ತವೆ?" ಅಂತ ಹೆಂಡತಿಯನ್ನು ಕೇಳಿದರೆ, "ನಿಮ್ಮ ಬಾಯಿ ಅವಕ್ಕೆ ವಿಳಾಸ ಕೊಟ್ಟು ಕರೀತದೆ" ಅನ್ನುತ್ತಾಳೆ.

ನನ್ನ ಪರಿಚಯ ಹೇಳುತ್ತೇನೆ, ಸ್ವಲ್ಪ ನೆಟ್ಟಗೆ ಕೂತು ಓದಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಆಡಳಿತದ ಚುಕ್ಕಾಣಿ ಬಹಳ ವರ್ಷಗಳಿಂದ ನನ್ನ ಕೈಯಲ್ಲಿದೆ. ನಾಲ್ಕಕ್ಕೂ ಮೇಲೆ ಒಬ್ಬ ದೊಡ್ಡ ಅಧಿಕಾರಿ ಇರುತ್ತಾರೆ, ಅಸಿಸ್ಟೆಂಟ್ ಕಮಿಷನರ್, ಜನರ ಬಾಯಲ್ಲಿ 'ಎಸಿ'. ಆ ಎಸಿ ಯಾರೇ ಬರಲಿ, ಎಂಥ ಓದು ಓದಿರಲಿ, ನನ್ನ ಎಡಗಡೆಯೇ ಕೂರಬೇಕು. ನಾನು ಬಲಕ್ಕೆ ತಿರುಗಿದರೆ ಆಡಳಿತ ಬಲಕ್ಕೆ ತಿರುಗುತ್ತದೆ. ನಾನು ಟೀ ಕುಡಿಯಲು ನಿಂತರೆ ಆಡಳಿತವೂ ನಿಲ್ಲುತ್ತದೆ. ಸರ್ಕಾರದವರು ಈ ಹುದ್ದೆಗೆ 'ವಾಹನ ಚಾಲಕ' ಅಂತ ಒಂದು ಸಣ್ಣ ಹೆಸರಿಟ್ಟಿದ್ದಾರೆ, ಅದು ಅವರ ಸಣ್ಣತನ. ಗಾಡಿ ಬೊಲೆರೊ. ಜನ ಇನ್ನೂ 'ಎಸಿ ಜೀಪು' ಅಂತಲೇ ಅನ್ನುತ್ತಾರೆ. ಒಳಗೆ ಎಸಿ ಕೆಟ್ಟು ಎಷ್ಟೋ ಕಾಲವಾಯಿತು, ಇರುವುದು ಎಸಿಯವರು ಮಾತ್ರ.

ಈಗ ಹೇಳುವುದೆಲ್ಲ ನಡೆದದ್ದು ಮಗಳ ಮದುವೆಯ ಮಾತು ಅರ್ಧಕ್ಕೆ ನಿಂತಿದ್ದ ದಿನಗಳಲ್ಲಿ. ಗಂಡು ಕಳ್ಳಂಬೆಳ್ಳದ ಕಡೆಯ ಹಳ್ಳಿಯವನು. ಶಿರಾದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ, ಊರಲ್ಲಿ ಕುರಿ, ಹೊಲ, ಮನೆ ತುಂಬ ಜನ. ಅದುವರೆಗೆ ಬಂದ ಗಂಡುಗಳಿಗೆಲ್ಲ ಮುಖ ಸಿಂಡರಿಸಿದ್ದ ನನ್ನ ಮಗಳು, ಈ ಹುಡುಗ ಹೋದ ಮೇಲೆ ಅವನು ಕುಡಿದಿಟ್ಟ ಕಾಫಿ ಲೋಟವನ್ನು ತಾನೇ ತೊಳೆದಿಟ್ಟಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ.

ಆ ಮನೆಯಲ್ಲಿ ಎಲ್ಲ ಹುಡುಗನ ಅಜ್ಜಿಯ ಮಾತಿನಂತೆ ನಡೆಯುತ್ತದೆ. ಹೆಣ್ಣು ನೋಡಲು ಬಂದ ದಿನ ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು: "ತಮಗೆ ಏನ್ ಕೆಲ್ಸ ಸ್ವಾಮಿ?"

ನಾನು ಮೀಸೆ ಮುಟ್ಟಿಕೊಂಡು, "ಎಸಿ ಆಫೀಸು. ನಾಲ್ಕು ತಾಲ್ಲೂಕಿನ ಚುಕ್ಕಾಣಿ ನನ್ನ ಕೈಲೈತೆ" ಅಂದೆ. ಒಂದಕ್ಷರ ಸುಳ್ಳಿಲ್ಲ. ಆದರೆ ಅಜ್ಜಿಗೆ ಕಿವಿ ಸ್ವಲ್ಪ ಮಂದ. ಆಕೆಗೆ ಕೇಳಿಸಿದ್ದು 'ಎಸಿ' ಮಾತ್ರ. ಅದು ನನಗೂ ಗೊತ್ತಾಯಿತು. ತಿದ್ದುವುದಕ್ಕೆ ಬಾಯಿ ತೆರೆದೆ, ಹೋಳಿಗೆ ಹಾಕಿಕೊಂಡು ಮುಚ್ಚಿದೆ.

ಅಜ್ಜಿ ಎದ್ದು, "ಯೋಚ್ನೆ ಮಾಡಿ ಹೇಳ್ತೀವಿ" ಅಂತ ಹೋದರು. ಆಮೇಲೆ ಸುದ್ದಿಯೇ ಇಲ್ಲ. ನನ್ನ ಘನತೆ ನೋಡಿ ಹೆದರಿದ್ದಾರೆ ಅಂತ ನಾನು. "ನಿಮ್ಮ ಬಾಯಿ ನೋಡಿ ಹೆದ್ರವ್ರೆ. ಅವರು ಹೂಂ ಅನ್ನೋವರ್ಗೂ ನಾಲ್ಕು ತಾಲ್ಲೂಕಲ್ಲಿ ಎಲ್ಲೂ ಮಾನ ಕಳೀಬ್ಯಾಡಿ" ಅಂತ ಹೆಂಡತಿ.

ಸರಿಯಾಗಿ ಆಗಲೇ ಮನೆಮನೆ ಸಮೀಕ್ಷೆ ಬಂತು.

ಮಧುಗಿರಿ: ಅವಸರವಾ ತಾಯಿ?

ಸಮೀಕ್ಷೆಗೆ ಮೇಷ್ಟ್ರುಗಳು ಹೋಗುತ್ತಿದ್ದರು. ಅವರು ಸರಿಯಾಗಿ ಬರೆದಿದ್ದಾರೋ ಇಲ್ಲವೋ ಅಂತ ಅಲ್ಲಲ್ಲಿ ಒಂದೊಂದು ಮನೆ ಹೊಕ್ಕು ನೋಡುವುದು ನಮ್ಮ ಹೊಸ ಎಸಿ ಮೇಡಂ ಕೆಲಸ. ಉತ್ತರ ಭಾರತದ ಕಡೆಯವರು, ವಯಸ್ಸು ಚಿಕ್ಕದು, ಹೆಗಲಿಗೊಂದು ಬಟ್ಟೆ ಚೀಲ. ಕನ್ನಡವನ್ನು ಪುಸ್ತಕ ಓದಿ ಕಲಿತಿದ್ದರು. ಅವರು ಮಾತಾಡಿದರೆ ರೇಡಿಯೋ ವಾರ್ತೆ ಕೇಳಿದ ಹಾಗಿರುತ್ತಿತ್ತು.

ಬೆಟ್ಟದ ತಪ್ಪಲಿನ ಒಂದು ಮನೆ ಮುಂದೆ ನಿಂತು ಮೇಡಂ, "ತಮ್ಮ ಮನೆಯಲ್ಲಿ ಶೌಚಾಲಯದ ವ್ಯವಸ್ಥೆ ಇದೆಯೇ?" ಅಂದರು.

ಮನೆಯಾಕೆ ಮೇಡಂ ಮುಖ ನೋಡಿದಳು. "ಅಯ್ಯೋ, ಅವಸರವಾ ತಾಯಿ?" ಅಂದವಳೇ ಒಳಗೆ ಓಡಿ ಒಂದು ಬಕೆಟ್ ನೀರು ಹೊತ್ತು ತಂದಳು. "ಹಿತ್ಲಲ್ಲೈತೆ, ಬಾ. ನಾಚ್ಕಬ್ಯಾಡ, ನಮ್ಮನೇನೂ ನಿಮ್ಮನೇ ಇದ್ದಂಗೆ."

ಇಂಥ ಕಷ್ಟದಲ್ಲಿ ನನ್ನಂಥ ಅನುಭವಸ್ಥ ಸುಮ್ಮನೆ ಇರಲಾದೀತೇ? ಮುಂದೆ ಬಂದು ಗಂಭೀರವಾಗಿ ಹೇಳಿದೆ: "ಅಮ್ಮಾ, ಬೇಕಾಗಿರೋದು ಮೇಡಂಗಲ್ಲ. ಸರ್ಕಾರಕ್ಕೆ."

ಆಕೆ ಬಕೆಟ್ಟನ್ನು ದೊಪ್ಪೆಂದು ಕೆಳಗಿಟ್ಟಳು. "ಅಷ್ಟು ಜನಾನಾ? ನೀರೆಲ್ಲಿಂದ ತರ್ಲಣ್ಣ ನಾನು?"

ಕೊರಟಗೆರೆ: ಎಷ್ಟು ಸಂಸಾರ?

ಅಂದಿನಿಂದ ನಾನೇ ಮೇಡಂಗೆ ದುಭಾಷಿ. ಯಾರೂ ನೇಮಿಸಲಿಲ್ಲ. ಜವಾಬ್ದಾರಿ ಇರುವವನು ಆದೇಶಕ್ಕೆ ಕಾಯುವುದಿಲ್ಲ.

ಕೊರಟಗೆರೆ ಹತ್ತಿರದ ಹಳ್ಳಿಯಲ್ಲಿ ಒಂದು ದೊಡ್ಡ ಮನೆ. ಯಜಮಾನ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. ಮೇಡಂ ನನ್ನ ಕಿವಿಯಲ್ಲಿ, "ಈ ಗೃಹದಲ್ಲಿ ಎಷ್ಟು ಕುಟುಂಬಗಳು ವಾಸವಾಗಿವೆ, ಕೇಳಿ" ಅಂದರು.

ನಾನು ಊರ ಭಾಷೆಗೆ ಇಳಿಸಿದೆ: "ಯಜಮಾನ್ರೇ, ನಿಮ್ದು ಎಷ್ಟು ಸಂಸಾರ?"

ನಮ್ಮ ಕಡೆ ಮರ್ಯಾದಸ್ಥ ಗಂಡಸರು ಹೆಂಡತಿಯನ್ನು ಹೆಂಡತಿ ಅನ್ನುವುದಿಲ್ಲ, 'ನಮ್ಮ ಸಂಸಾರ' ಅನ್ನುತ್ತಾರೆ. ಅದು ನನಗೆ ನೆನಪಾಗುವ ಹೊತ್ತಿಗೆ ಯಜಮಾನನ ಬಾಯಲ್ಲಿ ಎಲೆ ಅಡಿಕೆ ನಿಂತುಹೋಗಿತ್ತು. ಆತ ಮೆಲ್ಲಗೆ ಅಡುಗೆಮನೆಯ ಕಡೆ ನೋಡಿ, ತಗ್ಗಿದ ದನಿಯಲ್ಲಿ, "ಒಂದೇ ಸಾ. ಯಾಕೆ? ಯಾರೇನ್ ಹೇಳಿದ್ರು?" ಅಂದ.

"ಯಾರೂ ಹೇಳಿಲ್ಲ. ಸರ್ಕಾರಕ್ಕೆ ಎಲ್ಲಾ ಗೊತ್ತಾಗ್ಬೇಕು. ಮುಚ್ಚಿಡ್ಬ್ಯಾಡಿ" ಅಂದೆ. ಇದು ನಾವು ಎಲ್ಲ ಮನೆಯಲ್ಲೂ ಹೇಳುವ ಮಾತು.

ಆತ ಎದ್ದು ನಿಂತ. "ಸರ್ಕಾರಕ್ಕೂ ಗೊತ್ತಾಯ್ತಾ! ಸಾ, ತುಮಕೂರಿಂದು ಸಂಸಾರ ಅಲ್ಲ ಸಾ. ಬರೀ ಪರಿಚಯ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮುದ್ದೆ ತೊಳಸುವ ಕೋಲು ಹಿಡಿದುಕೊಂಡೇ ಮನೆಯಾಕೆ ಹೊರಗೆ ಬಂದಳು. ಯಜಮಾನ ಜಗಲಿ ಹಾರಿ ಓಡಿದ. ಆ ವಯಸ್ಸಿನಲ್ಲಿ ಅಷ್ಟು ಎತ್ತರ ಹಾರುವವರನ್ನು ನಾನು ಕಂಡಿಲ್ಲ.

ಏನೂ ತಿಳಿಯದ ಮೇಡಂ ಪೆನ್ನು ಹಿಡಿದು ಕೇಳಿದರು: "ಹಾಗಾದರೆ ಒಂದು ಅಂತ ಬರೆಯಲೋ, ಎರಡು ಅಂತ ಬರೆಯಲೋ?"

"ಇವತ್ತಿಂದ ಒಂದೂ ಇಲ್ಲ, ಸೊನ್ನೆ ಹಾಕಳಮ್ಮ" ಅಂದಳು ಆಕೆ.

ಪಾವಗಡ: ಗಂಡು ಎರಡೇ

ಮಾರನೆಯ ವಾರ ಪಾವಗಡ. ವೈ.ಎನ್.ಹೊಸಕೋಟೆ ದಾಟಿ ಕಡ್ಲೆಕಾಯಿ ಹೊಲಗಳ ನಡುವೆ ಒಂಟಿ ಮನೆ. ಕಂಬಳಿ ಹೊದ್ದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತಿದ್ದರು. "ಇವರಿಗೆ ಕನ್ನಡ ಬರುತ್ತದೆಯೇ?" ಅಂದರು ಮೇಡಂ. ಆ ಹಿರಿಯರು "ಬತ್ತೈತೆ" ಅನ್ನುವುದರೊಳಗೆ ನಾನು ಅಡ್ಡ ಬಾಯಿ ಹಾಕಿದೆ: "ಇಲ್ಲೆಲ್ಲಾ ತೆಲುಗು ಮೇಡಂ. ತೆಲುಗು ನನಗೆ ನೀರು ಕುಡಿದಷ್ಟು ಸಲೀಸು."

ನನ್ನ ತೆಲುಗು, ಸಿನಿಮಾ ಟಾಕೀಸಿನ ಮುಂದಿನ ಬೆಂಚಿನಲ್ಲಿ ಕಲಿತದ್ದು. ಮನೆಯಲ್ಲಿ ಎಷ್ಟು ಮಂದಿ ಅಂತ ಕೇಳಬೇಕಿತ್ತು. ಕಡೆಯ ಅಕ್ಷರ ಸ್ವಲ್ಪ ಜಾರಿತು. "ಪೆದ್ದಾಯನಾ, ಎಂತ ಮಂದ?" ಅಂದೆ.

"ನೂಟ ಇರವೈ" ಅಂದರು ಹಿರಿಯರು.

"ನೂರಿಪ್ಪತ್ತು ಮೇಡಂ" ಅಂದೆ.

ಮೇಡಂ ಆ ಎರಡು ಅಂಕಣದ ಮನೆಯನ್ನು ನೋಡಿದರು. "ಇಷ್ಟು ಚಿಕ್ಕ ಗೃಹದಲ್ಲಿ? ಪುರುಷರೆಷ್ಟು, ಸ್ತ್ರೀಯರೆಷ್ಟು?"

ಕೇಳಿದೆ. "ಮಗವಿ ರೆಂಡೇ. ಮಿಗತಾವನ್ನೀ ಆಡವಿ" ಅಂತ ಉತ್ತರ ಬಂತು. ಗಂಡು ಎರಡೇ, ಉಳಿದದ್ದೆಲ್ಲ ಹೆಣ್ಣು. ನನಗೂ ಎಲ್ಲೋ ಎಡವಟ್ಟಾಗಿದೆ ಅನ್ನಿಸಿತು. ಆದರೆ ನೀರು ಕುಡಿದಷ್ಟು ಸಲೀಸು ಅಂದವನು ಒಂದು ಗುಟುಕಿಗೇ ಕೆಮ್ಮಿದರೆ ಚೆನ್ನಾಗಿರುತ್ತದೆಯೇ?

"ಉಳಿದ ಗಂಡುಗಳು ಎಲ್ಲಿ?" ಮೇಡಂ ಬರೆಯುವುದು ಬಿಟ್ಟು ಕೇಳಿದರು.

"ಬೆಳೆದ ಮೇಲೆ ಶಿರಾ ಸಂತೇಲಿ ಮಾರಿಬಿಟ್ಟರಂತೆ ಮೇಡಂ."

"ಮತ್ತೆ ಈ ಇಬ್ಬರು?"

"ಒಂದು ಮನೆಗಂತೆ. ಇನ್ನೊಂದು..." ನನಗೇ ನಾಲಗೆ ಏಳಲಿಲ್ಲ. "ಇನ್ನೊಂದನ್ನ ಹಬ್ಬಕ್ಕೆ ಕಡೀತಾರಂತೆ."

ಮೇಡಂ ಕಲ್ಲಿನ ಮೇಲೆ ಕೂತುಬಿಟ್ಟರು. ಪೊಲೀಸರಿಗೆ ಮಾಡಲು ಫೋನ್ ತೆಗೆದರು. ಪುಣ್ಯಕ್ಕೆ ಅಲ್ಲಿ ಸಿಗ್ನಲ್ ಇಲ್ಲ. ಅವರ ಕಣ್ಣಲ್ಲಿ ನೀರು ಕಂಡ ಹಿರಿಯರು ಗಾಬರಿಯಾಗಿ ಅಚ್ಚ ಕನ್ನಡದಲ್ಲಿ ನನಗೆ ಹೇಳಿದರು: "ನೀವು ಮಂದೆ ಕೇಳಿದ್ರಿ, ಕುರಿ ಲೆಕ್ಕ ಹೇಳ್ದೆ. ಮಗು ಯಾಕಣ್ಣ ಅಳ್ತೈತೆ? ಅಷ್ಟು ಆಸೆ ಇದ್ರೆ ಒಂದು ಮರಿ ಎತ್ಕಂಡು ಹೋಗ್ಲಿ ಬುಡಿ."

ಶಿರಾ: ನಗ

ಪಾವಗಡದಿಂದ ಬರುವಾಗ ಮೇಡಂ ನೂರಿಪ್ಪತ್ತು ಅಂತ ಬರೆದಿದ್ದನ್ನು ಗೀಚಿ ಗೀಚಿ ಹೊಡೆದುಹಾಕಿದರು. ಕಳೆದ ಮಾನವನ್ನು ಶಿರಾದಲ್ಲಿ ವಾಪಸು ತೆಗೆದುಕೊಳ್ಳಬೇಕು ಅಂತ ನಿರ್ಧರಿಸಿದೆ. ಅಲ್ಲಿ ಉರ್ದು ಬೇಕು. ಉರ್ದುವಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಗ್ಯಾರೇಜಿನ ಉಸ್ತಾದರ ಕೈಕೆಳಗೆ ಕಲಿತದ್ದು. ಅಲ್ಲಿ ಯಾವ ಸಾಮಾನು ತರಿಸಿದರೂ 'ಕಿತ್ತೆ ನಗ?' ಅಂತಲೇ ಕೇಳುವುದು, ಅಂದರೆ ಎಷ್ಟು ಪೀಸು ಅಂತ.

ಒಂದು ಮನೆಯ ಬಾಗಿಲಲ್ಲಿ ವಯಸ್ಸಾದ ತಾಯಿಯೊಬ್ಬರು ಅಕ್ಕಿ ಆರಿಸುತ್ತಿದ್ದರು. ನಾನು ಕೈಯೆತ್ತಿ ಸಲಾಂ ಮಾಡಿ, "ಅಮ್ಮಾ, ಘರ್ ಮೇ ಕಿತ್ತೆ ನಗ ಹೈ?" ಅಂದೆ.

ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ನಗಾನಾ? ನಗ ಎಲ್ಲಿಂದ ಬರ್ಬೇಕು ಭಯ್ಯಾ? ಇದ್ದ ಬಳೇನೂ ಮಗಳಿಗೆ ಕೊಟ್ಬುಟ್ಟೆ!" ಅಂತ ಜೋರಾಗಿ ಕೂಗಿದರು. ಆಕೆ ಕನ್ನಡದ ನಗ ಅಂದುಕೊಂಡಿದ್ದರು, ಒಡವೆ. ಸರ್ಕಾರದವರು ಒಡವೆ ಎಣಿಸಲು ಬಂದಿದ್ದಾರೆ ಅಂತ ಬೀದಿಯುದ್ದಕ್ಕೂ ಬಾಗಿಲುಗಳು ದಬದಬ ಮುಚ್ಚಿಕೊಂಡವು.

ಮಾತು ತಿರುಗಿಸೋಣ ಅಂತ ಆಕೆಯ ವಯಸ್ಸು ಕೇಳಲು ಹೊರಟೆ. ವಯಸ್ಸಿಗೆ ಗ್ಯಾರೇಜಿನಲ್ಲಿ ಇದ್ದದ್ದು ಒಂದೇ ಮಾತು. "ಅಮ್ಮಾ, ಆಪ್ ಕೌನ್ಸಾ ಮಾಡೆಲ್?"

ಆಗ ಮೇಡಂ ನನ್ನನ್ನು ಪಕ್ಕಕ್ಕೆ ಸರಿಸಿ, ಆ ತಾಯಿಯ ಹತ್ತಿರ ಕೂತು, ಮೆಲ್ಲಗೆ ಮಾತಾಡತೊಡಗಿದರು. ಹಿಂದಿ! ಹುಟ್ಟಿದಂದಿನಿಂದ ಅವರು ಆಡಿದ್ದೇ ಹಿಂದಿ ಅನ್ನುವುದು ದುಭಾಷಿಯ ಉಮೇದಿನಲ್ಲಿ ನನಗೆ ಮರೆತೇಹೋಗಿತ್ತು. ಬಾಗಿಲುಗಳೆಲ್ಲ ತೆರೆದವು. ಚಹಾ ಬಂತು. ನಾನು ಗೋಡೆ ನೋಡುತ್ತ ನಿಂತೆ. ಹೊರಡುವಾಗ ಆ ತಾಯಿ ನನ್ನ ಕೈಗೂ ಒಂದು ಲೋಟ ಕೊಟ್ಟು ಹೇಳಿದರು: "ಕುಡಿ ಬೇಟಾ. ಮಾಡೆಲ್ ಹಳೇದೇ. ಆದ್ರೆ ನಿನ್ ಥರಾ ಹಾರನ್ ಮಾತ್ರ ಜಾಸ್ತಿ ಇಲ್ಲ."

ಸಂಜೆಗೆ ಸುದ್ದಿ ನನಗಿಂತ ಮೊದಲೇ ಮಧುಗಿರಿ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಶಿರಾದಲ್ಲಿ ಎಸಿ ಆಫೀಸಿನೋನು ಮನೆಮನೆಗೆ ಹೋಗಿ ಒಡವೆ ಕೇಳ್ತಿದ್ನಂತೆ. ಹುಡುಗನ ಅಂಗಡಿ ಇರೋದೂ ಶಿರಾದಲ್ಲೇ. ವರದಕ್ಷಿಣೆ ಕೇಳೋರು ಗಂಡಿನೋರು, ಇಲ್ನೋಡಿದ್ರೆ ಹೆಣ್ಣಿನಪ್ಪನೇ ಬೀದೀಲಿ ನಿಂತು ಕೇಳ್ತಾವ್ನೆ ಅನ್ನಲ್ವಾ?"

ಒಳಗೆ ಮಗಳು ಲೋಟ ತೊಳೆಯುತ್ತಿದ್ದಳು. ಈ ಸಲ ಅದು ಆ ಹುಡುಗನದಲ್ಲ, ನನ್ನದು. ಬೈದಿದ್ದರೆ ಚೆನ್ನಾಗಿತ್ತು.

ಕಳ್ಳಂಬೆಳ್ಳ: ಬಾನೆಟ್ಟಿನ ಕೆಳಗೆ

ಕೊನೆಯ ದಿನ ಕಳ್ಳಂಬೆಳ್ಳ ಹೋಬಳಿ. ಕೆರೆ ಏರಿ ದಾಟುತ್ತಿದ್ದ ಹಾಗೆ ನಾನು ಸೀಟಿನಲ್ಲಿ ಆದಷ್ಟು ಕುಗ್ಗಿ ಕೂತೆ. ಹುಡುಗನ ಊರು ಬಂತು, ಬೀದಿ ಬಂತು. ಮನೆ ಬರುವುದರೊಳಗೆ ಗೇರ್ ಬದಲಿಸಿ ವೇಗ ಹೆಚ್ಚಿಸಿದೆ.

"ನಿಲ್ಲಿಸಿ. ಆ ಮನೆ ನೋಡೋಣ" ಅಂದರು ಮೇಡಂ.

"ಆ ಮನೆ ಬ್ಯಾಡ ಮೇಡಂ. ನಾಯಿ ಐತೆ."

"ನಾಯಿ ಇರುವ ಮನೆಯಲ್ಲಿ ಮನುಷ್ಯರೂ ಇರುತ್ತಾರೆ."

"ಇಂಜಿನ್ ಬಿಸಿ ಆಗೈತೆ ಮೇಡಂ" ಅಂದೆ. ಹೇಳಿದ ಮೇಲೆ ನಿಜ ಮಾಡಬೇಕಲ್ಲ? ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಸೊಂಟದವರೆಗೆ ಒಳಗೆ ಹೋದೆ. ಮೇಡಂ ಒಬ್ಬರೇ ಹೋಗಿ ಅಂಗಳದಲ್ಲಿ ನಿಂತು ಮಾತಾಡಿದ್ದು ಕೇಳಿಸಿತು.

"ನಮಸ್ಕಾರ. ತಮ್ಮ ಮನೆಯಲ್ಲಿ ಒಟ್ಟು ಎಷ್ಟು ಜನ ವಾಸವಾಗಿದ್ದಾರೆ?"

ಅಜ್ಜಿಯ ದನಿ: "ಕುರಿ ಬೇಕಾದ್ರೆ ಎಣಿಸ್ಕ ತಾಯಿ. ಮನುಷ್ಯರನ್ನ ಎಣಿಸ್ಬಾರ್ದು, ದೃಷ್ಟಿ ಆಯ್ತದೆ."

"ಎಣಿಸದೆ ಬರೆಯುವುದು ಹೇಗೆ ಅಜ್ಜಿ?"

"ನಮ್ಮನೇಲಿ ತುಂಬಾ ಜನ ಅವ್ರೆ ಅಂತ ಬರ್ಕ. ಅದ್ಸರಿ, ಆ ಗಾಡೀಲಿ ತಲೆ ಇಟ್ಟಿರೋರು ಯಾರು? ಆ ಬೆನ್ನು ಎಲ್ಲೋ ನೋಡಿದಂಗೈತಲ್ಲ."

ನನ್ನ ಬೆನ್ನು ಅಷ್ಟು ಪ್ರಸಿದ್ಧ ಅಂತ ನನಗೆ ಗೊತ್ತಿರಲಿಲ್ಲ. ಇನ್ನಷ್ಟು ಒಳಗೆ ಹೋದೆ. ತಲೆ ರೇಡಿಯೇಟರಿಗೆ ತಾಗಿತು. "ಅಯ್ಯೋ!" ಅಂತ ಹಾರಿ ಹೊರಗೆ ಬಂದೆ, ಮುಖದ ತುಂಬ ಗ್ರೀಸು.

"ಅಯ್ಯೋ ಶಿವ್ನೆ, ಎಸಿ ಸಾಹೇಬ್ರು!" ಅಜ್ಜಿ ತಲೆ ಮೇಲೆ ಸೆರಗು ಎಳೆದುಕೊಂಡು ಓಡಿ ಬಂದರು. ಆಮೇಲೆ ಮೇಡಂ ಕಡೆ ತಿರುಗಿ ಗದರಿದರು: "ಏನಮ್ಮಣ್ಣಿ, ಇಷ್ಟು ದೊಡ್ಡೋರ ಕೈಲಿ ರಿಪೇರಿ ಮಾಡ್ಸಿ ನೀನು ಚೀಲ ನೇತಾಕ್ಕಂಡು ನಿಂತಿದ್ದೀಯಲ್ಲ? ಡ್ರೈವರ್ ಆದೋಳಿಗೆ ಗಾಡಿ ನೋಡ್ಕಳಕ್ಕೆ ಬರಲ್ವಾ?"

ಬೀದಿಯಲ್ಲಿ ಜನ ಸೇರಿದರು. ಹುಡುಗನ ಅಪ್ಪ, ಅಮ್ಮ, ಚಿಕ್ಕಪ್ಪಂದಿರು ಎಲ್ಲ ಹೊರಗೆ ಬಂದರು. ಮೇಡಂ ನನ್ನನ್ನೇ ನೋಡಿದರು. ಅಜ್ಜಿಯ ಮಾತು ಅವರಿಗೆ ಪೂರಾ ಅರ್ಥವಾಗಿತ್ತು. ಹಾಳಾದ್ದು, ಎರಡು ವಾರ ನನ್ನ ಜೊತೆ ಓಡಾಡಿ ಊರ ಕನ್ನಡ ಕಲಿತುಬಿಟ್ಟಿದ್ದರು. ನೀವೇ ಹೇಳಿ ಅನ್ನುವ ಹಾಗೆ ಚೀಲವನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡರು.

ಜೀವನದಲ್ಲಿ ಅಷ್ಟು ಚಿಕ್ಕದಾಗಿ ನಾನು ಎಂದೂ ಮಾತಾಡಿಲ್ಲ. "ಅಜ್ಜಿ, ಎಸಿ ಅವ್ರು. ನಾನು... ಡ್ರೈವರ್ರು."

"ಹಾಂ?" ಅಜ್ಜಿ ಕಿವಿಗೆ ಕೈ ಕೊಟ್ಟರು. ಕಿವಿ ಮಂದವಲ್ಲವೇ? ಹಾಗಾಗಿ ಇಡೀ ಬೀದಿಗೆ ಕೇಳುವಂತೆ ಇನ್ನೊಂದು ಸಲ ಕೂಗಿ ಹೇಳಬೇಕಾಯಿತು. "ಡ್ರೈವರ್ರೂ!"

ನಾಯಿ ನಿಜವಾಗಿಯೂ ಇತ್ತು, ಬಂದು ನನ್ನ ಕಾಲು ಮೂಸಿ ಹೋಯಿತು. ಮದುವೆ ಹೋಯಿತು ಅಂದುಕೊಂಡೆ. ಮಗಳ ಮುಖ ಕಣ್ಣ ಮುಂದೆ ಬಂತು. ಗ್ರೀಸು ಒರೆಸಿಕೊಳ್ಳುವ ನೆಪದಲ್ಲಿ ಟವೆಲಿನಿಂದ ಮುಖ ಮುಚ್ಚಿಕೊಂಡೆ.

"ಡ್ರೈವರ್ರಾ?" ಅಜ್ಜಿ ಹತ್ತಿರ ಬಂದರು. "ಅಂಗಾರೆ ತಮಗೆ ವರ್ಗ ಆಗಲ್ವಾ?"

"ನನ್ನನ್ನ ಯಾರು ವರ್ಗ ಮಾಡ್ತಾರಜ್ಜಿ? ಎಸಿಗಳು ಬರ್ತಾರೆ, ಹೋಗ್ತಾರೆ. ನಾನು ಗಾಡಿ ಜೊತೆ ಮಧುಗಿರೀಲೇ."

ಅಜ್ಜಿ ಎದೆ ಮೇಲೆ ಕೈ ಇಟ್ಟು ಜಗಲಿಯ ಮೇಲೆ ಕುಸಿದು ಕೂತರು. "ಇದನ್ನ ಅವತ್ತೇ ಬಾಯ್ಬುಟ್ಟು ಹೇಳ್ಬಾರ್ದಿತ್ತಾ ಬೀಗ್ರೆ! ಹೆಣ್ಣು ಮನಸ್ಸಿಗೆ ಬಂದೈತೆ, ಹುಡುಗ ಊಟ ಬುಟ್ಟು ಕುಂತವ್ನೆ. ನಾನೇ ತಡೆದಿದ್ದೆ. ಎಸಿ ಅಂದ್ರೆ ವರ್ಸಕ್ಕೊಂದೂರು. ಮೊದಲ ಬಾಣಂತನ ತವರಲ್ಲೇ ಅಲ್ವಾ? ಹುಡುಗಿ ಹೆರಿಗೆಗೆ ಹೋಗೋ ಹೊತ್ಗೆ ನಿಮ್ಮನ್ನ ಬೀದರ್‌ಗೆ ಹಾಕಿದ್ರೆ, ನಾನು ಮರಿಮಗನ್ನ ನೋಡಕ್ಕೆ ಎಷ್ಟು ಬಸ್ ಹತ್ತಿ ಇಳೀಬೇಕು?"

ನಾನು ಟವೆಲ್ ಕೆಳಗಿಳಿಸಿದೆ. ಇಷ್ಟು ದಿನ ಮದುವೆಗೆ ಅಡ್ಡ ನಿಂತಿದ್ದದ್ದು ನನ್ನ ಘನತೆಯೇ!

ಅಜ್ಜಿ ಮೇಡಂ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ನೀನೇನಾ ತಾಯಿ ಎಸಿ? ಪಾಪ, ಇನ್ನೂ ಎಳೇದು. ಎಲ್ಲೆಲ್ಲಿಗೆ ಎತ್ತಾಕ್ತಾರೋ ನಿನ್ನ." ಮೇಡಂ ನಕ್ಕರು. ಆ ಎರಡು ವಾರದಲ್ಲಿ ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

ಅಲ್ಲೇ ಎಲೆ ಅಡಿಕೆ ತಟ್ಟೆ ಬಂತು. ಒಪ್ಪಿಗೆ ಆಯಿತು. ಹೆಂಡತಿಗೆ ಫೋನ್ ಮಾಡಿದೆ. ಸುದ್ದಿ ಕೇಳಿ, "ಏನ್ ಹೇಳಿ ಒಪ್ಸಿದ್ರಿ?" ಅಂದಳು. "ನಿಜ" ಅಂದೆ. "ಸುಮ್ನಿರಿ" ಅಂತ ಫೋನ್ ಇಟ್ಟಳು.

ಧೈರ್ಯ ಬಂದ ಮೇಲೆ ಹೆಣ್ಣಿನಪ್ಪನ ಯೋಚನೆಗಳೂ ಬಂದವು. ಅಕ್ಕಿ, ಅಡುಗೆಯವರು, ಎಲೆ. ಚಿಕ್ಕಪ್ಪಂದಿರ ಹಿಂದೆ ಸೋದರಮಾವಂದಿರು, ಅವರ ಹಿಂದೆ ಅವರ ಮಕ್ಕಳು, ಬೇಲಿಯಾಚೆ ಇನ್ನೂ ಯಾರ್‍ಯಾರೋ ನಿಂತಿದ್ದರು. ಎಲ್ಲರೂ ನೆಂಟರಂತೆ. ಗಂಟಲು ಸರಿಮಾಡಿಕೊಂಡು ಕೇಳಿದೆ: "ಅಜ್ಜಿ, ದಿಬ್ಬಣಕ್ಕೆ ಅಂದಾಜು ಎಷ್ಟು ಜನ ಬರ್ತೀರಿ?"

ಅಜ್ಜಿ ನನ್ನ ಗ್ರೀಸು ಮೆತ್ತಿದ ಕೆನ್ನೆಯನ್ನು ಪ್ರೀತಿಯಿಂದ ತಟ್ಟಿದರು. "ನಾವು ಮನುಷ್ಯರನ್ನ ಎಣಿಸಲ್ಲ ಅಂತ ಈಗಷ್ಟೇ ಹೇಳಲಿಲ್ವಾ ಬೀಗ್ರೆ? ನೀವು ಅನ್ನ ಮಾಡ್ತಾ ಇರಿ. ಸಾಕು ಅಂದಾಗ ನಿಲ್ಸಿ."